ಅಪ್ಪ ನಿಂತ ತಿರುವು

ನಮ್ಮ ಭಾವ ಗಾಡಿ ಓಡಿಸುವುದನ್ನು ಕಲಿಸುತ್ತಾರೆ ಎಂದು ಅವರ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೇಳುತ್ತದೆ. ಬೋರ್ಡಿನ ಮಾತು ಬಿಡಿ. ಅವರ ನಿಜವಾದ ಕೆಲಸ ಗಾಡಿ ನಿಲ್ಲಿಸುವುದು. ಕಲಿಯಲು ಬಂದವರು ಹೇಗೋ ಓಡಿಸಿಬಿಡುತ್ತಾರೆ. ಎದುರಿಗೆ ಲಾರಿ ಬಂದಾಗ, ನಾಯಿ ಅಡ್ಡ ಓಡಿದಾಗ, ಕೆಲವೊಮ್ಮೆ ಏನೂ ಬರದೆ ಇದ್ದಾಗಲೂ ಸ್ಟೇರಿಂಗು ಬಿಟ್ಟು ಎರಡು ಕೈಯಲ್ಲೂ ಮುಖ ಮುಚ್ಚಿಕೊಳ್ಳುತ್ತಾರೆ. ಆಗ ಪಕ್ಕದ ಸೀಟಿನಲ್ಲಿ ಕೂತು ಗಾಡಿ ನಿಲ್ಲಿಸುವವರು ನಮ್ಮ ಭಾವ. ಅದಕ್ಕೆಂದೇ ಅವರ ಕಾಲ ಬುಡದಲ್ಲಿ ಇನ್ನೊಂದು ಬ್ರೇಕು ಇದೆ. ಇಷ್ಟು ವರ್ಷದಲ್ಲಿ ಆ ಗಾಡಿಗೆ ಒಂದು ಗೀರೂ ಬಿದ್ದಿಲ್ಲ.

ಅವರ ಹತ್ತಿರ ಕಲಿತವರನ್ನು ಊರಲ್ಲಿ ಎಲ್ಲಿ ಕಂಡರೂ ಗುರುತು ಹಿಡಿಯಬಹುದು. ಅವರ ಗಾಡಿಯ ಹಿಂದೆ ಉದ್ದನೆಯ ಸಾಲು ಕಟ್ಟಿರುತ್ತದೆ. ಸಾಲಿನಲ್ಲಿ ಸಿಕ್ಕಿಕೊಂಡವರು ಇದು ಯಾರ ಶಿಷ್ಯ ಎಂದು ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಅವರಿಗೆ ನಿಧಾನ ಮೇಷ್ಟ್ರು ಎಂದು ಹೆಸರಿಟ್ಟವರು ಯಾರೋ, ಭಾವನಿಗೆ ಮಾತ್ರ ಅದು ಲೇವಡಿ ಎಂದು ಇವತ್ತಿನವರೆಗೂ ಅನಿಸಿಲ್ಲ. ಗಾಡಿಯ ಹಿಂದಿನ ಗಾಜಿನ ಮೇಲೆ ‘ನಿಧಾನವೇ ಪ್ರಧಾನ’ ಎಂದು ಬೇರೆ ಬರೆಸಿಕೊಂಡಿದ್ದಾರೆ.

ಬ್ರೇಕು ಒತ್ತಿ ಒತ್ತಿ ಆ ಕಾಲಿಗೆ ಒಂದು ಚಾಳಿ ಅಂಟಿಕೊಂಡಿದೆ. ಬಸ್ಸಿನಲ್ಲಿ ಕೂತರೆ ಡ್ರೈವರಿಗಿಂತ ಮೊದಲು ಇವರು ಒತ್ತುತ್ತಾರೆ. ಸೋಫಾದ ಮೇಲೆ ಕೂತು ಟೀವಿಯಲ್ಲಿ ಯಾರೋ ಕಾರು ಓಡಿಸುವುದನ್ನು ನೋಡಿದರೂ ನೆಲ ಒತ್ತುತ್ತಾರೆ. ನನ್ನದು ಮನೆ ಸಾಮಾನು ಸಾಗಿಸುವ ವ್ಯಾನು. ಅದರಲ್ಲಿ ಡ್ರೈವರ್ ಪಕ್ಕದ ಮ್ಯಾಟು ಒಂದೇ ಜಾಗದಲ್ಲಿ ಸವೆದು ತೂತಾಗಿದೆ. ಅಲ್ಲಿ ಕೂರುವವರು ಭಾವ ಒಬ್ಬರೇ. ಹೊಸ ಮ್ಯಾಟು ಹಾಕಿಸಿ ಎಂದು ನಾನು ತಮಾಷೆ ಮಾಡಿದರೆ, “ನೀನು ಎದುರುಗಡೆ ಗಾಡಿಗೆ ಅಷ್ಟು ಹತ್ತಿರ ಹೋಗದೆ ಇದ್ರೆ ನಾನ್ಯಾಕಪ್ಪ ಒತ್ತುತ್ತಿದ್ದೆ?” ಎನ್ನುತ್ತಾರೆ. ತಪ್ಪೆಲ್ಲ ನನ್ನದೇ.

ಅಕ್ಕ ಮೂಳೆ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ಮುರಿದ ಕೈಕಾಲನ್ನು ಡಾಕ್ಟರು ಕೂರಿಸುತ್ತಾರೆ, ಇವಳು ಕಟ್ಟುತ್ತಾಳೆ. ಬೈಕಿನಿಂದ ಬಿದ್ದವರು, ಕಾರು ಗುದ್ದಿಸಿಕೊಂಡವರು ದಿನಾ ಅವಳ ಕೈಕೆಳಗೆ ಬಂದು ಹೋಗುತ್ತಾರೆ. ಅವರಲ್ಲಿ ತನ್ನ ಶಿಷ್ಯರು ಒಬ್ಬರೂ ಇಲ್ಲ ಎಂಬುದು ಭಾವನ ಹೆಮ್ಮೆ. ನಿಮ್ಮ ಶಿಷ್ಯರ ಹಿಂದೆ ಕಾಯಲಾರದೆ ನುಗ್ಗಿದವರೇ ಬರುವುದು ಎಂಬುದು ಅಕ್ಕನ ಉತ್ತರ.

ಹೀಗೆ ಒಬ್ಬರು ನಿಲ್ಲಿಸುವವರು, ಒಬ್ಬಳು ಕಟ್ಟುವವಳು. ಇವರಿಬ್ಬರ ಹೊಟ್ಟೆಯಲ್ಲಿ ಓಡುವವಳು ಹುಟ್ಟಿದಳು. ನಡೆಯಲು ಕಲಿತ ದಿನದಿಂದಲೇ ಅವಳು ನೆಟ್ಟಗೆ ನಡೆದವಳಲ್ಲ. ಇದ್ದಲ್ಲೇ ಗಿರಗಿರ ತಿರುಗಿ, ತಲೆ ಸುತ್ತಿ ಬಿದ್ದು, ಎದ್ದು ಮತ್ತೆ ತಿರುಗುತ್ತಿದ್ದಳು. ಬುಗುರಿ ಎಂದು ಕರೆದವನು ನಾನು. ಈಗ ಸ್ಕೂಲಿನಲ್ಲಿ ಬಿಟ್ಟು ಉಳಿದ ಕಡೆಯೆಲ್ಲ ಅವಳು ಬುಗುರಿಯೇ.

ಅಕ್ಕನ ಡ್ಯೂಟಿ ಮುಗಿಯುವುದು ಸಂಜೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಅದಕ್ಕೆ ಬುಗುರಿ ಶಿಶುವಿಹಾರ ಬಿಟ್ಟ ಕೂಡಲೇ ಅಪ್ಪನ ಗಾಡಿಯ ಹಿಂದಿನ ಸೀಟಿಗೆ ಬರುತ್ತಿದ್ದಳು. ಮುಂದೆ ಯಾರೋ ಬೆವರು ಸುರಿಸುತ್ತಾ ಗೇರು ಹುಡುಕುತ್ತಿದ್ದರೆ ಹಿಂದೆ ಇವಳು ಬಿಸ್ಕತ್ತು ತಿಂದು, ಅಕ್ಷರ ತಿದ್ದಿ, ನಿದ್ದೆ ಮಾಡುತ್ತಿದ್ದಳು. ಎರಡು ಸೀಟಿನ ಸಂದಿಯಿಂದ ಅವಳಿಗೆ ಅಪ್ಪನ ಕಾಲು ಕಾಣುತ್ತಿತ್ತು. ಆ ಕಾಲು ಸ್ವಲ್ಪ ಅಲ್ಲಾಡಿದರೆ ಸಾಕು, ಪೆನ್ಸಿಲನ್ನು ಕಾಗದದಿಂದ ಮೇಲೆತ್ತಿಬಿಡುತ್ತಿದ್ದಳು. ಬ್ರೇಕು ಬಿದ್ದು, ಕಲಿಯುವವರು ಸಾರಿ ಸಾರ್ ಎಂದು ಹೇಳಿ, ಗಾಡಿ ಮತ್ತೆ ಹೊರಟ ಮೇಲೆ ಪೆನ್ಸಿಲು ಕೆಳಗಿಳಿಯುತ್ತಿತ್ತು. ಅವಳ ಪುಸ್ತಕದಲ್ಲಿ ಒಂದು ಅಕ್ಷರವೂ ಗೀಚಿಹೋಗಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ ಕೂಡ. ಮುಂದೆ ನಾವೆಲ್ಲ ಬುದ್ಧಿವಂತರಾಗಲು ಇದೇ ಕಾರಣವಾಯಿತು.

ಇವಳು ರೇಸಿಗೆ ಬಿದ್ದದ್ದು ಭಾವನ ಹಳೆಯ ಶಿಷ್ಯನೊಬ್ಬನಿಂದ. ಅವನು ಭಾವನ ಪಾಠ ಕೇಳಿಯೂ ಕೆಟ್ಟ ಒಬ್ಬನೇ ಒಬ್ಬ. ಊರಾಚೆ ಮಕ್ಕಳ ಕಾರ್ಟು, ಪುಟ್ಟ ಬೈಕು ಓಡಿಸುವ ಟ್ರ್ಯಾಕು ಇಟ್ಟು, ಕ್ಲಬ್ಬು ಕಟ್ಟಿ, ಕುತ್ತಿಗೆಗೆ ಸ್ಟಾಪ್‌ವಾಚು ನೇತುಹಾಕಿಕೊಂಡು ಕೋಚ್ ಆಗಿದ್ದ. ಗುರುಗಳು ಬಂದು ನೋಡಬೇಕೆಂದು ಮನೆಗೆ ಬಂದು ಕರೆದ. ಹೋದೆವು. ಗೌರವಕ್ಕೆಂದು ಮೊದಲು ಭಾವನನ್ನೇ ದೊಡ್ಡವರ ಕಾರ್ಟಿನಲ್ಲಿ ಕೂರಿಸಿದರು. ಕಾರ್ಟು ಎಂದರೆ ನಾಲ್ಕು ಚಕ್ರದ ಮೇಲೆ ಒಂದು ಸೀಟು, ಬೆನ್ನ ಹಿಂದೆ ಒಂದು ಎಂಜಿನ್, ಅಷ್ಟೇ. ಅದರಲ್ಲಿ ಭಾವ ಪ್ರತಿ ತಿರುವಿನಲ್ಲೂ ಕೈ ಚಾಚಿ ಸಿಗ್ನಲ್ ಕೊಡುತ್ತಾ ಒಂದು ಸುತ್ತು ಮುಗಿಸಿದರು. ಹಿಂದೆ ಸಾಲು ಕಟ್ಟಿತ್ತು. ಆಮೇಲೆ ಬುಗುರಿ ಚಿಕ್ಕ ಕಾರ್ಟಿನಲ್ಲಿ ಕೂತಳು. ಅವಳಿಗಾಗ ಆರು ವರ್ಷ. ಅಲ್ಲಿದ್ದ ಮಕ್ಕಳನ್ನೆಲ್ಲ ಹಿಂದೆ ಹಾಕಿ ಬಂದು ನಿಂತಳು. ಕೋಚ್ ಸ್ಟಾಪ್‌ವಾಚು ನೋಡಿದ, ಅವಳನ್ನು ನೋಡಿದ, ಮತ್ತೆ ಸ್ಟಾಪ್‌ವಾಚು ನೋಡಿದ.

“ಮೇಷ್ಟ್ರೇ, ಏನು ಹೇಳ್ತೀರಿ?” ಎಂದ.

“ಒಂದು ಕಡೆನೂ ಕೈ ತೋರಿಸಲಿಲ್ಲ” ಎಂದರು ಭಾವ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಕಾರ್ಟು, ಮಧ್ಯಾಹ್ನ ಬೈಕು, ಎರಡೂ ಕೋಚ್ ಎರವಲು ಕೊಟ್ಟದ್ದು. ಬೈಕೆಂದರೆ ದೊಡ್ಡವರು ತೊಡೆಯ ಮಧ್ಯೆ ಹಿಡಿದುಕೊಂಡು ಹೋಗಬಹುದಾದಷ್ಟು ಪುಟ್ಟದು, ಸದ್ದು ಮಾತ್ರ ಅದರಪ್ಪನಷ್ಟು. ವ್ಯಾನು ನನ್ನದಾದ್ದರಿಂದ ನನ್ನನ್ನು ಯಾರೂ ಕೇಳಲಿಲ್ಲ. ಭಾನುವಾರ ನನಗೆ ಮನೆ ಖಾಲಿ ಮಾಡುವವರ ಸಾಮಾನು ಸಾಗಿಸಿ ನಾಲ್ಕು ಕಾಸು ನೋಡುವ ದಿನ. ಈಗ ವ್ಯಾನಿನೊಳಗೆ ಒಂದು ಕಾರ್ಟು, ಒಂದು ಬೈಕು, ಒಂದು ಮಡಚುವ ಕುರ್ಚಿ, ಬುತ್ತಿಯ ಡಬ್ಬಿ, ಅಕ್ಕ, ಭಾವ, ಬುಗುರಿ. ಸೋದರಮಾವ ಆದ ಮೇಲೆ ಇಷ್ಟೂ ಮಾಡದಿದ್ದರೆ ಹೇಗೆ ಎಂದು ಅಕ್ಕ. ನಾನು ಗೊಣಗುತ್ತಲೇ ಹೋದೆ. ಒಂದು ಭಾನುವಾರವೂ ತಪ್ಪಿಸಲಿಲ್ಲ ಎಂಬುದು ಬೇರೆ ಮಾತು.

ಭಾವನಿಗೆ ವೇಗದ ಬಗ್ಗೆ ಹೇಳಿಕೊಡಲು ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದನ್ನು ಮಾಡಿದರು. ಕಾರ್ಟಿನ ಒಂದೊಂದು ನಟ್ಟನ್ನೂ ಮುಟ್ಟಿ ನೋಡುತ್ತಿದ್ದರು. ಬೈಕಿನ ಚೈನು ಒರೆಸಿ ಎಣ್ಣೆ ಬಿಡುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಟ್ರ್ಯಾಕನ್ನು ಒಂದು ಸುತ್ತು ನಡೆದು, ಎಲ್ಲಿ ಮರಳು ಬಿದ್ದಿದೆ, ಎಲ್ಲಿ ಎಣ್ಣೆ ಚೆಲ್ಲಿದೆ ಎಂದು ಮಗಳಿಗೆ ಹೇಳುತ್ತಿದ್ದರು. ಹೆಲ್ಮೆಟ್ಟಿನ ಪಟ್ಟಿಯನ್ನು ತಾವೇ ಹಾಕಬೇಕು, ಬೇರೆಯವರು ಹಾಕಿದರೆ ಬಿಚ್ಚಿ ಮತ್ತೆ ಹಾಕುತ್ತಿದ್ದರು. ಆಮೇಲೆ ಬೇಲಿಯ ಹತ್ತಿರ, ಯಾವುದಾದರೂ ತಿರುವಿನಲ್ಲಿ ಹೋಗಿ ನಿಲ್ಲುತ್ತಿದ್ದರು.

ಅಕ್ಕ ಮಗಳಿಗೆ ಬೀಳುವುದನ್ನು ಕಲಿಸಿದಳು. ಮನೆಯ ಹಾಸಿಗೆಯ ಮೇಲೆ ಬೀಳಿಸಿ ಬೀಳಿಸಿ ಕಲಿಸಿದಳು. “ಕೈ ಊರಬೇಡ. ಕೈ ಊರಿದ್ರೆ ಮಣಿಕಟ್ಟು ಹೋಗುತ್ತೆ. ಕೈಯೆಲ್ಲಾ ಎದೆಗೆ ಒತ್ಕೊಂಡು ಉರುಳು.” ಇಷ್ಟು ಧೈರ್ಯವಾಗಿ ಹೇಳಿಕೊಡುವವಳಿಗೆ ರೇಸು ನೋಡುವ ಧೈರ್ಯ ಮಾತ್ರ ಇಲ್ಲ. ಬರದೇ ಇರುವ ಧೈರ್ಯವೂ ಇಲ್ಲ. ಅದಕ್ಕೆ ಅವಳೊಂದು ಉಪಾಯ ಕಂಡುಕೊಂಡಳು. ಭಾವನನ್ನು ಪರದೆಯ ಹಾಗೆ ಮುಂದೆ ನಿಲ್ಲಿಸಿಕೊಂಡು ಹಿಂದೆ ಮಡಚುವ ಕುರ್ಚಿಯಲ್ಲಿ ಕೂರುತ್ತಾಳೆ. ತಲೆ ತಗ್ಗಿಸಿದರೆ ಅವಳಿಗೆ ಕಾಣುವುದು ಗಂಡನ ಹಿಮ್ಮಡಿ ಮಾತ್ರ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಎರಡು ವರ್ಷ ಚೆನ್ನಾಗಿ ನಡೆಯಿತು. ಚಿಕ್ಕ ಮಕ್ಕಳ ವಿಭಾಗ, ಗೆದ್ದರೂ ಸೋತರೂ ಎಲ್ಲರಿಗೂ ಚಾಕಲೇಟು. ಮೂರನೆಯ ವರ್ಷ ಬುಗುರಿ ಉದ್ದವಾದಳು. ಕಾರ್ಟಿನಲ್ಲಿ ಕೂತರೆ ಮೊಣಕಾಲು ಸ್ಟೇರಿಂಗಿಗೆ ತಗಲುತ್ತಿತ್ತು. ಬೈಕಿನ ಮೇಲೆ ಕಪ್ಪೆಯ ಹಾಗೆ ಕಾಣುತ್ತಿದ್ದಳು. ಅಷ್ಟರಲ್ಲಿ ಕ್ಲಬ್ಬಿನವರು ಮುಂದಿನ ಅಳತೆಯ ಒಂದು ಕಾರ್ಟು, ಒಂದು ಬೈಕು ತರಿಸಿದರು. ಅದನ್ನು ಒಂದೇ ಮಗುವಿಗೆ ಕೊಡುವುದು, ಆ ಮಗು ಕ್ಲಬ್ಬಿನ ಹೆಸರಿನಲ್ಲಿ ಹೊರಗೆ ಹೋಗಿ ಓಡುವುದು ಎಂದಾಯಿತು. ವರ್ಷದ ಕೊನೆಯ ಸ್ಪರ್ಧೆಯಲ್ಲಿ ಯಾರು ಮುಂದೋ ಅವರಿಗೆ. ಸಿಗದಿದ್ದರೆ ಬುಗುರಿಯ ರೇಸು ಅಲ್ಲಿಗೆ ಮುಗಿದ ಹಾಗೆ. ಅಂಥದ್ದನ್ನು ಕೊಳ್ಳುವ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ, ಎತ್ತುವಂಥದ್ದೂ ಅಲ್ಲ. ಅವಳಿಗೂ ಇದು ಗೊತ್ತಿತ್ತು. ಮೊಣಕಾಲಿಗೆ ತಗಲಿ ನೀಲಿಗಟ್ಟಿದ್ದನ್ನು ತೋರಿಸದೆ ಉದ್ದ ಪ್ಯಾಂಟು ಹಾಕಿಕೊಂಡು ಓಡಾಡುತ್ತಿದ್ದಳು.

ಆ ವರ್ಷವೇ ಅವಳು ಹಿಂದೆ ಬೀಳತೊಡಗಿದಳು.

ಎಲ್ಲ ಕಡೆಯೂ ಅಲ್ಲ. ಒಂದೇ ಒಂದು ತಿರುವಿನಲ್ಲಿ. ಉಳಿದ ಟ್ರ್ಯಾಕಿನಲ್ಲಿ ಗಾಳಿಯಂತೆ ಬರುವವಳು ಅಲ್ಲಿ ಬಂದ ಕೂಡಲೇ ಏನೋ ಮರೆತವಳ ಹಾಗೆ ನಿಧಾನವಾಗುತ್ತಿದ್ದಳು. ಅಷ್ಟರಲ್ಲಿ ಯಾರಾದರೂ ಒಬ್ಬರು ನುಸುಳಿ ಮುಂದೆ ಹೋಗುತ್ತಿದ್ದರು. ಕೋಚ್ ಬ್ರೇಕು ನೋಡಿದ, ಸರಿಯಿತ್ತು. ಟಯರು ಬದಲಿಸಿದ. ತಿರುವಿನಲ್ಲಿ ಮರಳಿರಬೇಕೆಂದು ಪೊರಕೆ ತಂದು ಗುಡಿಸಿದೆವು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ. ನಮ್ಮ ಹುಡುಗಿ ಕುಣಿಯಬಲ್ಲವಳೇ, ಆದರೂ ನಾವು ನೆಲ ಗುಡಿಸಿದೆವು.

ಭಾವ ಆ ತಿರುವಿನಲ್ಲೇ ನಿಂತು ನೋಡುತ್ತಿದ್ದರು. ಏನೂ ಹೊಳೆಯದೆ, ಸ್ವಲ್ಪ ಆಚೆಯಿಂದ ನೋಡಿದರೆ ಗೊತ್ತಾದೀತೆಂದು ಮುಂದಿನ ವಾರ ಇನ್ನೊಂದು ತಿರುವಿಗೆ ಹೋದರು. ಬುಗುರಿ ಹಳೆಯ ತಿರುವಿನಲ್ಲಿ ಜೋರಾಗಿ ಬಂದು ಹೊಸ ತಿರುವಿನಲ್ಲಿ ನಿಧಾನವಾದಳು. ರೋಗ ಅಲ್ಲಿಂದ ಇಲ್ಲಿಗೆ ಬಂದಿದೆ ಎಂದು ಕೋಚ್ ಇಲ್ಲೂ ಗುಡಿಸಿದ. ಆಮೇಲಿನ ವಾರ ಭಾವ ಮೂರನೆಯ ಕಡೆ ನಿಂತರು. ರೋಗವೂ ಅಲ್ಲಿಗೆ ಬಂತು. ಮೂರು ಗಂಡಸರು ಮೂರು ವಾರ ಟ್ರ್ಯಾಕಿಡೀ ಗುಡಿಸಿದೆವು. ಅಷ್ಟು ಚೊಕ್ಕಟವಾದ ಟ್ರ್ಯಾಕು ಅದರ ಮೊದಲೂ ಇರಲಿಲ್ಲ, ಆಮೇಲೂ ಆಗಿಲ್ಲ.

ಗುಟ್ಟು ಹಿಡಿದವಳು ಟ್ರ್ಯಾಕನ್ನೇ ನೋಡದ ಅಕ್ಕ. ಬುತ್ತಿ ಬಿಚ್ಚುತ್ತಾ ಉಪ್ಪಿನ ಮಾತು ಎತ್ತುವ ಹಾಗೆ ಹೇಳಿದಳು.

“ರೀ, ನೀವು ಬ್ರೇಕ್ ಒತ್ತಿದಾಗೆಲ್ಲ ಅವಳ ಗಾಡಿ ಸದ್ದು ಇಳಿಯುತ್ತೆ.”

“ಯಾವ ಬ್ರೇಕು?”

“ನಿಮ್ಮ ಕಾಲಲ್ಲಿ ಇರೋದು. ನಾನು ಅದನ್ನೇ ನೋಡ್ಕೊಂಡು ಕೂತಿರ್ತೀನಿ. ಇಲ್ಲಿ ನೀವು ನೆಲ ಒತ್ತುತ್ತೀರಿ, ಅಲ್ಲಿ ಸದ್ದು ಇಳಿಯುತ್ತೆ. ಪ್ರತಿ ಸುತ್ತೂ.”

ನನಗೆ ತಕ್ಷಣ ಹಿಂದಿನ ಸೀಟೂ ಪೆನ್ಸಿಲೂ ನೆನಪಾದವು. ಎಲ್ಲ ಬಿಡಿಸಿ ಹೇಳಿದೆ. ವರ್ಷಗಟ್ಟಲೆ ಅಪ್ಪನ ಕಾಲು ನೋಡಿ ಪೆನ್ಸಿಲು ಎತ್ತಿದ ಮಗು ಈಗ ಅದೇ ಕಾಲು ನೋಡಿ ಬ್ರೇಕು ಒತ್ತುತ್ತಿದೆ. ಓಡುವ ಗಾಡಿಯಿಂದ ಕಾಲು ಕಾಣುತ್ತದೆಯೇ ಎಂದು ನೀವು ಕೇಳಬಹುದು. ಕಾರ್ಟು ನೆಲಕ್ಕೆ ಅಂಟಿಕೊಂಡೇ ಓಡುವ ಗಾಡಿ, ಅದರಲ್ಲಿ ಕೂತವರಿಗೆ ಮೊದಲು ಕಾಣುವುದೇ ನಿಂತವರ ಮೊಣಕಾಲು. ಬೈಕಿನಲ್ಲಿ ಕಣ್ಣು ಎತ್ತರಕ್ಕೆ ಬರುತ್ತದಲ್ಲ, ಅದರಲ್ಲೂ ಯಾಕೆ ನಿಧಾನವಾಗುತ್ತಾಳೆ ಎಂದು ಕೋಚ್ ಕೇಳಿದ. ಅದು ಅಭ್ಯಾಸಬಲ ಎಂದೆ. ನನ್ನ ಜಾಣತನಕ್ಕೆ ಎಲ್ಲರೂ ತಲೆದೂಗಿದರು. ಭಾವನೊಬ್ಬರು ತಮ್ಮ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡುತ್ತಾ ಕೂತಿದ್ದರು.

ಆಮೇಲೆ ನಡೆದದ್ದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆಯಿದೆ. ಭಾವ ನನ್ನ ಹೆಗಲು ಹಿಡಿದು ಒಂಟಿ ಕಾಲಲ್ಲಿ ನಿಂತು ನೋಡಿದರು. ಬುಗುರಿ ಇನ್ನೂ ನಿಧಾನವಾದಳು. ಒಂಟಿ ಕಾಲಲ್ಲಿ ನಿಂತ ಅಪ್ಪನನ್ನು ಕಂಡರೆ ಯಾವ ಮಗು ಜೋರಾಗಿ ಹೋದೀತು? ಹಳೆಯ ಟಯರುಗಳ ಗುಡ್ಡೆಯ ಹಿಂದೆ ತಲೆ ಮಾತ್ರ ಕಾಣುವಂತೆ ನಿಂತರು. ನಿಧಾನ. ಕಾಲು ಮಡಚಿ ನೆಲದ ಮೇಲೆ ಕೂತರು. ನಿಧಾನ. ನಡುವೆ ಒಮ್ಮೆ ಅವರಿಗೆ ಟಾಯ್ಲೆಟ್ಟಿಗೆ ಹೋಗಬೇಕಾಯಿತು, ಹೋದರು. ಬುಗುರಿ ಆ ವರ್ಷದ ತನ್ನ ಅತಿ ಜೋರಿನ ಸುತ್ತನ್ನು ಆಗ ಮುಗಿಸಿದಳು.

ಕೋಚ್ ಸ್ಟಾಪ್‌ವಾಚನ್ನು ಅಂಗಿಯೊಳಗೆ ಹಾಕಿಕೊಂಡ. ಗುರುವಿಗೆ ಇದನ್ನು ಹೇಳುವುದು ಅವನಿಗೆ ಸಲೀಸಾಗಿರಲಿಲ್ಲ. ಸಂಜೆ ವ್ಯಾನಿಗೆ ಕಾರ್ಟು ಹತ್ತಿಸುವಾಗ, ಹಗ್ಗ ಕಟ್ಟುವ ನೆಪದಲ್ಲಿ ಹತ್ತಿರ ಬಂದ.

“ಮೇಷ್ಟ್ರೇ, ಒಂದು ಮಾತು.”

“ಹೇಳಪ್ಪ.”

“ಕೊನೇ ಸ್ಪರ್ಧೆ ದಿನ ನೀವು ಸ್ವಲ್ಪ ದೂರ ಇರ್ಬೇಕಾಗುತ್ತೆ.”

“ಎಷ್ಟು ದೂರ?”

ಅವನು ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ. “ಅವಳಿಗೆ ಕಾಣದಷ್ಟು.”

ಭಾವ ಆಗಲಿ ಎಂದರು. ಮನೆಗೆ ಹೊರಟೆವು. ಬೇಕೆಂದೇ ನಾನು ಮುಂದಿನ ಲಾರಿಗೆ ಮೂಗು ತಗಲುವಷ್ಟು ಹತ್ತಿರ ಓಡಿಸಿದೆ. ಅವರು ಬೈಯಲಿಲ್ಲ, ಮ್ಯಾಟಿನ ಮೇಲೆ ಕಾಲು ಸುಮ್ಮನೆ ಬಿದ್ದುಕೊಂಡಿತ್ತು. ಆಗ ನನಗೆ ಅವರ ಮೇಲೆ ನಿಜವಾಗಿ ಮರುಕ ಹುಟ್ಟಿತು. ಗುರುತು ಪರಿಚಯ ಇಲ್ಲದವರ ಪಕ್ಕದಲ್ಲಿ ಕೂತು ಜೀವನವಿಡೀ ಕಾಪಾಡಿದ ಮನುಷ್ಯ. ಸ್ವಂತ ಮಗಳಿಗೆ ಮಾತ್ರ ಅವರು ಪಕ್ಕದಲ್ಲಿ ಇರದಿದ್ದರೇ ಒಳ್ಳೆಯದು ಎಂದು ಗಡಿಯಾರ ಹೇಳಿತ್ತು. ಇದನ್ನು ಯಾರಿಗೆ ಹೇಳಿಕೊಳ್ಳುವುದು?

ಮಗಳಿಗೆ ಹೇಳಕೂಡದು ಎಂದು ಅಕ್ಕ ತೀರ್ಮಾನಿಸಿದಳು. ಅಪ್ಪನಿಂದ ನೀನು ಸೋಲುತ್ತಿದ್ದೀಯ ಎಂದು ಒಂಬತ್ತು ವರ್ಷದ ಮಗುವಿನ ತಲೆಗೆ ತುಂಬಿದರೆ ಅದು ಏನು ಮಾಡಬೇಕು? ಹಾಗಾದರೆ ಅಪ್ಪ ಎಲ್ಲಿ ಎಂದು ಕೇಳಿದರೆ? ಸುಳ್ಳು ಹೇಳಬೇಕು. ಸುಳ್ಳು ಹೇಳುವುದರಲ್ಲಿ ಭಾವ ನನ್ನ ಅಕ್ಕನಿಗಿಂತಲೂ ದಡ್ಡರು. ಒಂದು ವಾರ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರು ಎಂದು ಅಕ್ಕನೇ ಹೇಳಿದಳು.

ಕೊನೆಯ ಸ್ಪರ್ಧೆಯ ದಿನ ಭಾವ ಎಂದಿನಂತೆ ಟ್ರ್ಯಾಕು ನಡೆದು ಬಂದರು. ನಟ್ಟುಗಳನ್ನು ಮುಟ್ಟಿ ನೋಡಿದರು. ಹೆಲ್ಮೆಟ್ಟಿನ ಪಟ್ಟಿ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು.

“ಅಪ್ಪ, ಇವತ್ತು ಎಲ್ಲಿ ನಿಂತ್ಕೋತೀಯ?” ಎಂದಳು ಬುಗುರಿ.

“ಯಾವುದಾದ್ರೂ ತಿರುವಲ್ಲಿ ಇರ್ತೀನಿ, ಹೋಗು.”

ಮುಖ ಮಾತ್ರ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರ ಮುಖದಂತಿತ್ತು. ಹೆಲ್ಮೆಟ್ಟಿನೊಳಗಿಂದ ಅವಳಿಗೆ ಅದು ಗೊತ್ತಾಗಲಿಲ್ಲ. ತಲೆಯಾಡಿಸಿ ಹೋದಳು.

ಟ್ರ್ಯಾಕಿನ ಆಚೆ ತಗಡಿನ ಬೇಲಿ. ಅದರಾಚೆ ಗಾಡಿ ನಿಲ್ಲಿಸುವ ಬಯಲು. ಅಲ್ಲಿ ನನ್ನ ವ್ಯಾನಿನೊಳಗೆ ಭಾವನನ್ನು ಕೂರಿಸಿ ಕಾಯುವ ಕೆಲಸವನ್ನು ಅಕ್ಕ ನನಗೆ ವಹಿಸಿದಳು. ಪರದೆ ಕಳೆದುಕೊಂಡ ಅವಳು ತಾನೇ ಒಳಗೆ ಹೋಗಿ, ಟ್ರ್ಯಾಕಿಗೆ ಬೆನ್ನು ಹಾಕಿ ಕೂತಳಂತೆ. ನಮಗೆ ಕಾಣುತ್ತಿದ್ದದ್ದು ತಗಡು ಮಾತ್ರ. ಕೇಳುತ್ತಿದ್ದದ್ದು ಎಂಜಿನ್ನುಗಳ ಸದ್ದು, ನಡುನಡುವೆ ಮೈಕಿನಲ್ಲಿ ಒಬ್ಬನ ಕೂಗು. ಅವನ ಬಾಯಿಗೆ ಮೈಕು ಎಷ್ಟು ಹತ್ತಿರವಿತ್ತೆಂದರೆ ಒಂದು ಅಕ್ಷರವೂ ಅರ್ಥವಾಗುತ್ತಿರಲಿಲ್ಲ.

“ಏನಂದ?” ಎನ್ನುತ್ತಿದ್ದರು ಭಾವ.

“ಏನೋ ಅಂದ.”

“ಬಿದ್ದಳು ಅಂದ್ನಾ?”

“ಬಿದ್ದಿದ್ರೆ ಸದ್ದು ನಿಲ್ಲುತ್ತಿತ್ತು ಭಾವ.”

ಸದ್ದು ಒಮ್ಮೆ ನಿಂತಿತು. ಭಾವ ಬಾಗಿಲು ತೆಗೆದರು. ನಾನು ಅವರ ಅಂಗಿ ಹಿಡಿದು ಎಳೆದೆ. ಓಟ ಮುಗಿದದ್ದಕ್ಕೆ ನಿಂತದ್ದು. ನಾನು ಹೋಗಿ ತಗಡಿನ ಸಂದಿಯಿಂದ ಕೇಳಿಕೊಂಡು ಬಂದೆ. ಕಾರ್ಟಿನಲ್ಲಿ ಬುಗುರಿ ಎರಡನೆಯವಳು. ಮುಂದಿದ್ದವನಿಗೂ ಅವಳಿಗೂ ನಡುವೆ ಒಂದು ಚಕ್ರದ ಅಂತರವಂತೆ. ಒಂದು ಕಡೆಯೂ ನಿಧಾನವಾಗಲಿಲ್ಲವಂತೆ. ಇದನ್ನು ಕೇಳಿ ಭಾವ ಸರಿ ಎಂದರು. ಅವರ ಮುಖದಲ್ಲಿ ಸಂತೋಷವಿತ್ತು, ಅದರ ಪಕ್ಕದಲ್ಲೇ ಇನ್ನೊಂದೂ ಇತ್ತು. ಅದಕ್ಕೆ ನಾನು ಹೆಸರಿಡಲಾರೆ. ಮಗಳು ಗೆಲ್ಲಲಿ ಎಂದು ಬಯಸಿ, ತಾನಿಲ್ಲದೆ ಗೆಲ್ಲುತ್ತಿದ್ದಾಳೆ ಎಂದು ಕೇಳುವುದು ಹೊಟ್ಟೆಗೆ ಸುಲಭವಾಗಿ ಇಳಿಯುವ ತುತ್ತಲ್ಲ.

ಮಧ್ಯಾಹ್ನ ಬುತ್ತಿ ಒಯ್ಯಲು ಅಕ್ಕ ಬಂದಳು. “ಅಪ್ಪ ಎಲ್ಲಿ ಅಂತ ಕೇಳ್ತಾ ಇದ್ದಾಳೆ. ಅಲ್ಲೇ ಎಲ್ಲೋ ಇರ್ಬೇಕು ಅಂದೆ.” ಭಾವ ಬುತ್ತಿ ಮುಟ್ಟಲಿಲ್ಲ. ಅವರ ಪಾಲನ್ನೂ ನಾನೇ ತಿಂದೆ, ಚಿಂತೆಯಾದರೆ ನನಗೆ ಹಸಿವು ಜಾಸ್ತಿ.

ಬೈಕಿನ ಓಟ ಶುರುವಾಯಿತು. ಪುಟ್ಟ ಬೈಕುಗಳ ಸದ್ದು ತಗಡಿಗೆ ಬಡಿದು ವ್ಯಾನಿನ ಗಾಜು ನಡುಗಿತು. ಬೈಕೆಂದರೆ ಬೀಳುವುದು. ಭಾವ ಕಣ್ಣು ಮುಚ್ಚಿಕೊಂಡು, ಎರಡು ಕಾಲನ್ನೂ ಸೀಟಿನ ಮೇಲೆ ಎತ್ತಿ ಚಕ್ಕಳಮಕ್ಕಳ ಹಾಕಿ ಕೂತರು. ಒಂದು ಸಲವೂ ಬಾಗಿಲ ಕಡೆ ಕೈ ಹಾಕಲಿಲ್ಲ. ಸದ್ದು ನಿಂತಾಗಲೂ ಕಣ್ಣು ತೆಗೆಯಲಿಲ್ಲ. ನಾನು ಸಂದಿಯ ಹತ್ತಿರ ಓಡಿದೆ. ಬೈಕಿನಲ್ಲಿ ಬುಗುರಿ ಮೊದಲು. ಎರಡನೆಯವರು ಕೊನೆಯ ತಿರುವಿಗೆ ಬರುವಷ್ಟರಲ್ಲಿ ಇವಳು ಗೆರೆ ದಾಟಿ ಆಗಿತ್ತಂತೆ.

ನಾನು ಬಂದು ಹೇಳುವ ಮೊದಲೇ ಅವಳೇ ಬಂದಳು. ಹೆಲ್ಮೆಟ್ಟು ಕೈಯಲ್ಲಿತ್ತು, ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಹಿಂದೆ ಅಕ್ಕ ಅವಳನ್ನು ಕರೆಯುತ್ತಾ ಬರುತ್ತಿದ್ದಳು. ಗೆದ್ದವಳ ಮುಖವಲ್ಲ ಅದು. ನೆಟ್ಟಗೆ ವ್ಯಾನಿನ ಬಾಗಿಲಿಗೆ ಬಂದು ನಿಂತಳು.

“ಎಲ್ಲಿದ್ದೆ?”

“ಇಲ್ಲೇ” ಎಂದರು ಭಾವ.

“ತಿರುವಲ್ಲಿ ಇರ್ತೀನಿ ಅಂದಿದ್ದೆ.”

ಭಾವ ಸೀಟಿನಿಂದ ಕಾಲಿಳಿಸಿದರು.

“ಎಲ್ಲಾ ತಿರುವಲ್ಲೂ ಹುಡುಕಿದೆ. ಇದರಲ್ಲಿ ಇಲ್ಲ, ಮುಂದಿನದರಲ್ಲಿ ಇರ್ತೀಯ ಅಂತ ಬೇಗ ಬೇಗ ಹೋದೆ. ಅಲ್ಲೂ ಇರ್ಲಿಲ್ಲ. ಎಲ್ಲೂ ಇರ್ಲಿಲ್ಲ.”

ಒಂದು ವಾರ ಕಲಿತ ಸುಳ್ಳು ಭಾವನ ಬಾಯಲ್ಲಿ ಮುಗಿದುಹೋಗಿತ್ತು. ಅಕ್ಕ ಬೇಡವೆಂದು ಕಣ್ಣಲ್ಲಿ ಹೇಳಿದರೂ ಅವರು ನಿಜ ಹೇಳಿದರು.

“ನಾನು ಅಲ್ಲಿ ನಿಂತ್ರೆ ನನ್ನ ಕಾಲು ಬ್ರೇಕ್ ಒತ್ತುತ್ತೆ ಕಣಮ್ಮ. ಅದನ್ನ ನೋಡಿ ನೀನೂ ಒತ್ತುತ್ತೀಯ. ಚಿಕ್ಕಂದಿನಿಂದ ನೋಡಿ ನೋಡಿ ಅಭ್ಯಾಸ ಆಗಿದೆ ನಿನಗೆ. ಅದಕ್ಕೆ ನಾನು ಬರಲಿಲ್ಲ.”

ಬುಗುರಿ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ದೊಡ್ಡವರು ಇಷ್ಟು ಪೆದ್ದರಾಗಿರುತ್ತಾರೆ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

“ನಿನ್ನ ಕಾಲು ಯಾರು ನೋಡ್ತಾರೆ?” ಎಂದಳು. “ಈಗ ಜೋರಾಗಿ ಹೋದ್ರೆ ನಿನ್ನ ಮುಖ ಕಾಣಲ್ಲ. ಅದಕ್ಕೆ ಅಲ್ಲಿ ಸ್ವಲ್ಪ ನಿಧಾನ ಮಾಡ್ತಿದ್ದೆ.”

ಪೆನ್ಸಿಲಿನ ಕಥೆ ಕಟ್ಟಿದ್ದ ನಾನು ವ್ಯಾನಿನ ಹಿಂದೆ ಹೋಗಿ ಸುಮ್ಮನೆ ಒಂದು ಹಗ್ಗ ಬಿಚ್ಚಿ ಸುತ್ತತೊಡಗಿದೆ. ಅಕ್ಕ ಸೆರಗಿನ ಅಂಚಿನಿಂದ ಮಗಳ ಹಣೆ ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು. ಭಾವ ಕೆಳಗಿಳಿದು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಅವಳ ಕೈಗವಸು ಬಿಚ್ಚಿದರು. ಎರಡೂ ಬಿಚ್ಚಿದ ಮೇಲೆ ಬೇರೆ ಏನೂ ತೋಚದೆ ಅದನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

“ಸೋತರೆ ಹೊಸ ಗಾಡಿ ಸಿಗಲ್ಲ ಅಂತ ಗೊತ್ತಿತ್ತಲ್ಲ ನಿನಗೆ?” ಎಂದು ಕೇಳಿದರು.

“ಸ್ವಲ್ಪಾನೇ ಅಲ್ವಾ ನಿಧಾನ ಮಾಡ್ತಿದ್ದಿದ್ದು.”

ಅಷ್ಟು ಹೊತ್ತಿಗೆ ಕೋಚ್ ಬಂದ. ಎರಡೂ ಓಟ ಸೇರಿಸಿ ನೋಡಿದರೆ ಬುಗುರಿಯೇ ಮುಂದೆ, ಗಾಡಿ ಅವಳಿಗೇ ಎಂದ. ನಾವು ಕುಣಿಯುತ್ತೇವೆ ಎಂದುಕೊಂಡು ಬಂದಿದ್ದನೋ ಏನೋ, ನಮ್ಮ ಮುಖ ನೋಡಿ ಯಾರಿಗೆ ಏನಾಯಿತು ಎಂದು ಕೇಳಿದ. ಯಾರಿಗೂ ಏನೂ ಆಗಿಲ್ಲ ಎಂದಳು ಅಕ್ಕ. ಭಾವ ಎದ್ದು ನಿಂತು ಅವನನ್ನು ಪಕ್ಕಕ್ಕೆ ಕರೆದರು.

“ಈ ಟ್ರ್ಯಾಕಲ್ಲಿ ಎಲ್ಲರೂ ನಿಧಾನ ಮಾಡಲೇಬೇಕಾದ ಜಾಗ ಯಾವುದಾದ್ರೂ ಇದೆಯೇನಪ್ಪ?”

ಕೋಚ್ ಯೋಚಿಸಿದ. “ಒಂದಿದೆ ಮೇಷ್ಟ್ರೇ. ಕೊನೇ ಗೆರೆ ದಾಟಿ, ಒಂದು ಸುತ್ತು ಹಾಕಿ, ಒಳಗೆ ಬರೋ ದಾರಿ. ಅಲ್ಲಿ ಜೋರಾಗಿ ಬಂದ್ರೆ ಹೊರಗೆ ಹಾಕ್ತೀವಿ. ಬೇರೆ ಟ್ರ್ಯಾಕಲ್ಲೂ ಹಂಗೇ.”

“ಅಲ್ಲಿ ನಿಲ್ಲಬಹುದಾ?”

“ನಿಲ್ಲಬಹುದು. ಆದ್ರೆ ಅಲ್ಲಿಂದ ಏನೂ ಕಾಣಲ್ಲ. ಗೋಡೆ ಇದೆ. ಅಷ್ಟು ಹೊತ್ತಿಗೆ ಓಟಾನೂ ಮುಗಿದಿರುತ್ತೆ.”

“ಇರಲಿ” ಎಂದರು ಭಾವ. “ಅವಳಿಗೆ ನಾನು ಕಾಣ್ತೀನಲ್ಲ, ಸಾಕು.”

ಈಗ ಬುಗುರಿ ಕ್ಲಬ್ಬಿನ ಗಾಡಿಯಲ್ಲಿ ಓಡುತ್ತಾಳೆ. ಕೆಲವು ಸಲ ಗೆಲ್ಲುತ್ತಾಳೆ, ಕೆಲವು ಸಲ ಇಲ್ಲ. ಎಲ್ಲಿ ಹೋದರೂ ಭಾವ ಮೊದಲು ಆ ಒಳಬರುವ ದಾರಿ ಹುಡುಕಿ, ಗೋಡೆಯ ಪಕ್ಕ ಹೋಗಿ ನಿಲ್ಲುತ್ತಾರೆ. ಓಟ ಮುಗಿದ ಮೇಲೆ ಮಕ್ಕಳೆಲ್ಲ ಸಾಲಾಗಿ ನಿಧಾನವಾಗಿ ಬರುತ್ತಾರೆ. ಬುಗುರಿ ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಅವರನ್ನು ನೋಡಿಕೊಂಡು ಹೋಗುತ್ತಾಳೆ. ಅವತ್ತಿನಿಂದ ಇವತ್ತಿನವರೆಗೆ ಭಾವ ಮಗಳ ಒಂದು ಓಟವನ್ನೂ ನೋಡಿಲ್ಲ.